ಸ್ಪಿತಿಯ ಶಿಲಾಚಿಪ್ಪುಗಳೂ ಸಂಗ್ರಹದ ಹುಚ್ಚೂ

ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿಬಂದವರ ಮನೆಗಳಲ್ಲಿ ಈಚೆಗೆ ಒಂದು ಹೊಸ ಭೂಷಣವು ಕಾಣಿಸತೊಡಗಿದೆ: ಗಾಜಿನ ಬೀರುವಿನೊಳಗೆ, ಬೊಂಬೆಗಳ ನಡುವೆ, ಸುರುಳಿ ಸುತ್ತಿದ ಒಂದು ಕರಿಯ ಕಲ್ಲು. ಅದು ಸುಮಾರು 15 ಕೋಟಿ ವರ್ಷದ ಚಿಪ್ಪೆಂದು ಯಜಮಾನರು ಹೆಮ್ಮೆಯಿಂದ ಹೇಳುವರು. ಯಾವ ಬೆಟ್ಟದ್ದು, ಯಾವ ಪದರದ್ದು ಎಂದು ಕೇಳಿದರೆ ಉತ್ತರವಿಲ್ಲ.

ಆ ಕಲ್ಲಿನ ಬೆಲೆಯೆಲ್ಲವೂ ಆ ಉತ್ತರದಲ್ಲಿಯೇ ಇರುವುದು. ಹುಲ್ಲುಕಡ್ಡಿಯೂ ವಿರಳವಾದ ಆ ಶೀತಮರುಭೂಮಿಯು ಹಿಂದೆ ಟೆಥಿಸ್ ಎಂಬ ಸಮುದ್ರದ ತಳವಾಗಿದ್ದಿತು. ಅಲ್ಲಿ ಬಾಳಿದ ಅಮೊನೈಟ್ ಎಂಬ ಜೀವಿಗಳ ಚಿಪ್ಪುಗಳು ಕೆಸರಿನಲ್ಲಿ ಹುದುಗಿದುವು; ಕೆಸರು ಕರಿಯ ಜೇಡಿಶಿಲೆಯಾಯಿತು; ಚಿಪ್ಪಿನ ಸುತ್ತ ಗಟ್ಟಿಯಾದ ಉಂಡೆಗಲ್ಲು ಬೆಳೆಯಿತು. ಭಾರತಭೂಭಾಗವು ಉತ್ತರಕ್ಕೆ ಸರಿದು ಏಷ್ಯವನ್ನು ಒತ್ತಿದಾಗ ಆ ಕಡಲತಳವೇ ಮೇಲಕ್ಕೆದ್ದಿತು. ಇಂದು ಚಿಪ್ಪುಗಳಿಗೆ ಹೆಸರಾದ ಲಾಂಗ್ಜಾ ಗ್ರಾಮವು 14,000 ಅಡಿಗೂ ಎತ್ತರದಲ್ಲಿದೆ. ಅಮೊನೈಟಿನ ಜಾತಿಗಳು ಬೇಗಬೇಗನೆ ಮಾರ್ಪಟ್ಟುದರಿಂದ, ಯಾವ ಪದರದಲ್ಲಿ ಯಾವ ಜಾತಿಯಿದೆ ಎಂಬುದನ್ನು ನೋಡಿಯೇ ಶಿಲೆಯ ಕಾಲವನ್ನು ನಿರ್ಣಯಿಸುವರು. ಪದರದಿಂದ ಬೇರ್ಪಟ್ಟ ಚಿಪ್ಪು, ಕಟ್ಟಿನಿಂದ ಕಿತ್ತು ಅಂಕೆಯಳಿಸಿದ ಓಲೆಗರಿಗೆ ಸಮಾನ.

ಭೂವಿಜ್ಞಾನಿಗಳೂ ಒಯ್ಯಲಿಲ್ಲವೇ ಎಂದು ಆಕ್ಷೇಪಿಸುವವರುಂಟು. ಒಯ್ದರು, ನಿಜ. ಭಾರತೀಯ ಭೂಸರ್ವೇಕ್ಷಣ ಇಲಾಖೆಯ ಸ್ಟೋಲಿಚ್ಕ 1864-65ರಲ್ಲಿ ಆ ಕಣಿವೆಯನ್ನು ಸುತ್ತಿದನು. 'ಸ್ಪಿತಿ ಜೇಡಿಶಿಲೆ' ಎಂಬ ಹೆಸರು ಅವನದು. ಅದರ ಮೇಲಣ ಮರಳುಗಲ್ಲಿಗೆ ಗಿಯುಮಲ್ ಗ್ರಾಮದ ಹೆಸರನ್ನಿಟ್ಟವನೂ ಅವನೇ. 1874ರಲ್ಲಿ ಯಾರ್ಕಂದದಿಂದ ಹಿಂದಿರುಗುತ್ತ ಲಡಾಖಿನ ಎತ್ತರದಲ್ಲಿ ಅವನು ತೀರಿಕೊಂಡನು. ಇಂಥವರು ಚಿಪ್ಪಿನ ಸಂಗಡ ಅದರ ಸ್ಥಳವನ್ನೂ ಪದರವನ್ನೂ ಬರೆದಿಟ್ಟುದರಿಂದಲೇ ಹೇಡನ್ 1904ರಲ್ಲಿ ಸ್ಪಿತಿಯ ಭೂವಿವರಣೆಯನ್ನು ಪ್ರಕಟಿಸುವುದು ಸಾಧ್ಯವಾಯಿತು. ಬೀರುವಿನ ಕಲ್ಲು ಯಾರಿಗೆ ಏನನ್ನು ತಿಳಿಸಿದೆ?

ಹಿಮವೂ ತೊರೆಯೂ ಹೇಗೂ ಅವನ್ನು ಪುಡಿಮಾಡುವುವಲ್ಲ ಎಂಬ ಮಾತು ಇದಕ್ಕಿಂತ ಬಲವಾದುದು. ಇಳಿಜಾರಿನ ಬುಡಕ್ಕೆ ಉರುಳಿಬಿದ್ದ ಕಲ್ಲಿನ ಮಟ್ಟಿಗೆ ಅದನ್ನು ಒಪ್ಪಬಹುದು. ಆದರೆ ಉರುಳಿಬಿದ್ದುದು ಮುಗಿದ ಮೇಲೆ ಸುತ್ತಿಗೆಯು ಪದರಕ್ಕೇ ಹೋಗುವುದು. ಒಂದು ಚೆಲುವಾದ ಸುರುಳಿಗಾಗಿ ಅನೇಕ ಉಂಡೆಗಲ್ಲುಗಳು ಒಡೆದುಹೋಗುವುವು.

ಮಾರುವ ಮಕ್ಕಳನ್ನು ದೂರುವುದು ಅನ್ಯಾಯ. ಕೊಳ್ಳುವವನಿಲ್ಲದಿದ್ದರೆ ಬಟಾಣಿಯ ಹೊಲದ ಮಗುವು ಕಲ್ಲನ್ನು ಏಕೆ ಆಯ್ದೀತು? ವಿಚಿತ್ರವೇನೆಂದರೆ, ಕೊಳ್ಳುವವರಲ್ಲಿ ಅನೇಕರ ದೇವರಮನೆಯಲ್ಲಿ ನೇಪಾಳದ ಕಾಳೀಗಂಡಕಿಯಿಂದ ಬಂದ ಶಾಲಿಗ್ರಾಮವಿರುವುದು. ಅದೂ ಅಮೊನೈಟೇ. ಶಾಲಿಗ್ರಾಮಕ್ಕೆ ಬೆಲೆ ಕಟ್ಟುವುದು ದೋಷವೆಂದು ಹಿರಿಯರಿಂದ ಕೇಳಿದವರೇ ಲಾಂಗ್ಜಾದಲ್ಲಿ ಅದರ ಜ್ಞಾತಿಗಾಗಿ ಹತ್ತು ರೂಪಾಯಿಯ ಚೌಕಾಶಿ ಮಾಡುವರು!

ಭೂಪರಂಪರೆಯ ರಕ್ಷಣೆಗಾಗಿ ಕೇಂದ್ರ ಗಣಿ ಇಲಾಖೆಯು 2022ರಲ್ಲಿ ಒಂದು ಕರಡು ಮಸೂದೆಯನ್ನು ಹೊರಡಿಸಿತು. ಕಾಯಿದೆಯ ಕೈ ಅಷ್ಟೆತ್ತರಕ್ಕೆ ಎಟುಕುವುದು ಸುಲಭವಲ್ಲ. ಯಾತ್ರಿಕನು ಅದೇ ಹಣವನ್ನು ಅದೇ ಮಗುವಿನ ಮನೆಯವರಿಗೆ ದಾರಿ ತೋರಿಸಿದುದಕ್ಕಾಗಿ ಕೊಟ್ಟು, ಚಿಪ್ಪನ್ನು ಅದು ಹುದುಗಿರುವ ಬಂಡೆಯಲ್ಲಿಯೇ ನೋಡಿ ಬರಬಹುದು.