ಪುಕ್ಕಟೆಯ ಪೆಟ್ಟಿಗೆ, ಪರರ ಬೀಗ

ಹೊರನಾಡಿನ ಕನ್ನಡ ಸಂಘಗಳು ಸಭೆಯ ನಡಾವಳಿಯನ್ನೂ ಸದಸ್ಯರ ಪಟ್ಟಿಯನ್ನೂ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದ ಕಾಲವೊಂದಿತ್ತು. ಇಂದು ಆ ಕಾಗದಪತ್ರಗಳು ಗೂಗಲ್ ಡ್ರೈವನ್ನು ಸೇರುತ್ತಿವೆ. ರಾಜ್ಯೋತ್ಸವದ ಕರೆಯೋಲೆ ಫೇಸ್‌ಬುಕ್ಕಿನಲ್ಲಿ ಹೊರಡುತ್ತಿದೆ. ಕಾಸಿಲ್ಲದೆ ದೊರೆಯುವ ಈ ಅನುಕೂಲವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಂಚೆವೆಚ್ಚಕ್ಕೂ ಚಂದಾ ಎತ್ತಬೇಕಾದ ಸಂಘಕ್ಕೆ, ಊರಿನಿಂದ ಪಹಣಿಯ ಪ್ರತಿಯೊಂದನ್ನು ತರಿಸಿಕೊಳ್ಳಬೇಕಾದ ಹೋಟೆಲ್ ಕಾರ್ಮಿಕನಿಗೆ, ಇದು ಉಪಕಾರವೇ ಸರಿ. ಆದರೆ ಪೆಟ್ಟಿಗೆ ಪುಕ್ಕಟೆಯಾದರೂ ಅದರ ಬೀಗ ಪರರದೆಂಬುದನ್ನು ನಾವು ಮರೆಯತೊಡಗಿದ್ದೇವೆ.

ನಮ್ಮ ತರುಣರು ಮುಗಿಬಿದ್ದು ಸೇರಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ದೊಡ್ಡ ಕಡತಗಳನ್ನು ಉಚಿತವಾಗಿ ಸಾಗಿಸುತ್ತಿದ್ದ ಫೈರ್‌ಫಾಕ್ಸ್ ಸೆಂಡ್ 2019ರಲ್ಲಿ ಹುಟ್ಟಿ, ದುಷ್ಕರ್ಮಿಗಳ ದುರುಪಯೋಗದಿಂದಾಗಿ 2020ರಲ್ಲಿಯೇ ನಿಂತುಹೋಯಿತು. ಇಂಟರ್ನೆಟ್ ಖರ್ಚಿಲ್ಲದೆ ಒಂದು ಫೋನಿನಿಂದ ಇನ್ನೊಂದಕ್ಕೆ ಸಿನಿಮಾ ದಾಟಿಸುತ್ತಿದ್ದ ಶೇರ್‌ಇಟ್, ಝೆಂಡರ್‌ಗಳನ್ನು 2020ರ ಜೂನ್ 29ರಂದು ಕೇಂದ್ರ ಸರ್ಕಾರವೇ ನಿಷೇಧಿಸಿತು. ಹಲವು ಜಾಲತಾಣಗಳ ಪ್ರಕಟಣೆಗಳನ್ನು ಒಂದೇ ಕಡೆಯಿಂದ ಹೊರಡಿಸುವ ಹೂಟ್‌ಸೂಟ್ ತನ್ನ ಉಚಿತ ಸೌಲಭ್ಯವನ್ನು 2023ರಲ್ಲಿ ಹಿಂತೆಗೆದುಕೊಂಡಿತು. ಎರಡು ವರ್ಷ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ ಸಂಸ್ಥೆ ಅದೇ ವರ್ಷ ಸಾರಿದೆ. ಕೊಡುವವನು ತನ್ನ ಲಾಭನಷ್ಟ ನೋಡಿಯೇ ಕೊಡುತ್ತಾನೆ. ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ.

ಆಕ್ಷೇಪಾರ್ಹವಾದುದು ನಮ್ಮ ಅಲಕ್ಷ್ಯ. ಸಂಘದ ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕೆಂದು ಹಟ ಹಿಡಿಯುವ ನಾವು, ಸಂಘದ ಪುಟವನ್ನೂ ಕಡತಗಳನ್ನೂ ಉತ್ಸಾಹಿ ತರುಣನೊಬ್ಬನ ಸ್ವಂತ ಖಾತೆಗೆ ಒಪ್ಪಿಸಿ ನಿಶ್ಚಿಂತರಾಗಿರುತ್ತೇವೆ. ಆತನಿಗೆ ವರ್ಗವಾಗಬಹುದು, ಮನಸ್ತಾಪವಾಗಬಹುದು, ಫೋನೇ ಕಳೆದುಹೋಗಬಹುದು. ಡ್ರೈವಿನ ಕಡತ ಎಷ್ಟು ಜನರಿಗೆ ಹಂಚಲ್ಪಟ್ಟಿದ್ದರೂ ಒಡೆತನ ಅದನ್ನು ನಿರ್ಮಿಸಿದ ಖಾತೆಗೆ ಸೇರಿದ್ದು. ಒಡೆತನ ವರ್ಗಾಯಿಸದೆ ಆ ಖಾತೆ ಅಳಿದರೆ ಕಡತವೂ ಅಳಿಯುತ್ತದೆ. ಫೇಸ್‌ಬುಕ್ ಪುಟಕ್ಕಂತೂ ಒಬ್ಬರಿಗಿಂತ ಹೆಚ್ಚು ನಿರ್ವಾಹಕರನ್ನು ನೇಮಿಸಲು ಅವಕಾಶವಿದೆ, ಅದಕ್ಕೆ ಬೇಕಾಗುವುದು ಐದು ನಿಮಿಷ. ಆ ಐದು ನಿಮಿಷ ಯಾರಿಗೂ ದೊರೆಯದಿರುವುದು ಸೋಜಿಗವೇ!

ಇನ್ನೊಂದು ಮಾತು. ಕೊಂಡಿ ದೊರೆತವರೆಲ್ಲ ನೋಡಬಹುದೆಂಬ ಅನುಮತಿಯೊಡನೆ ಸದಸ್ಯರ ವಿಳಾಸ, ಫೋನ್ ಸಂಖ್ಯೆಗಳ ಪಟ್ಟಿಯನ್ನು ಹಂಚುವುದು, ಆ ಪಟ್ಟಿಯನ್ನು ಬೀದಿಯ ಗೋಡೆಗೆ ಅಂಟಿಸಿದಂತೆಯೇ. ಆಧಾರ್ ಚೀಟಿಯ ಚಿತ್ರವನ್ನು ಕೇಳಿದವರಿಗೆಲ್ಲ ವಾಟ್ಸ್‌ಆ್ಯಪ್ ಮಾಡುವ ಕಾರ್ಮಿಕ ಬಂಧುಗಳೂ ಇದನ್ನು ಗಮನಿಸಬೇಕು. ಟ್ರಂಕು ಇಡಲೂ ಜಾಗವಿಲ್ಲದ ಕೋಣೆಯಲ್ಲಿ ಆರೆಂಟು ಮಂದಿಯೊಡನೆ ಮಲಗುವವನಿಗೆ ಕಾಗದಗಳನ್ನು ಕಾಪಾಡುವ ಕಷ್ಟ ನಮಗೆ ತಿಳಿಯದುದಲ್ಲ. ಅಂಥವರಿಗೆ 2015ರಿಂದ ಸರ್ಕಾರವೇ ನಡೆಸುತ್ತಿರುವ ಡಿಜಿಲಾಕರ್ ಉಚಿತವಾಗಿದೆ. ಇಲಾಖೆಗಳು ಅದರ ಮೂಲಕ ನೇರವಾಗಿ ನೀಡಿದ ಪತ್ರಗಳಿಗೆ ಕಾನೂನಿನಲ್ಲಿ ಮೂಲಪತ್ರದ ಮಾನ್ಯತೆ ಇದೆ. ನಾವೇ ಚಿತ್ರ ತೆಗೆದು ಸೇರಿಸಿದ ಪ್ರತಿಗಳಿಗೆ ಆ ಮಾನ್ಯತೆ ಇಲ್ಲವೆಂಬುದೂ ನೆನಪಿರಲಿ.

ಸಂಘಗಳ ಕಾರ್ಯಕಾರಿ ಸಮಿತಿಗಳು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕು. ಖಾತೆಗಳು ಸಂಘದ ಹೆಸರಿನಲ್ಲಿರಲಿ. ಪ್ರವೇಶದ ಗುಪ್ತಪದ ಕಾರ್ಯದರ್ಶಿಗೂ ಕೋಶಾಧಿಕಾರಿಗೂ ತಿಳಿದಿರಲಿ. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯ ವೇಳೆಗೆ ಎಲ್ಲ ಕಡತಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿ ಆ ಹಳೆಯ ಕಬ್ಬಿಣದ ಕಪಾಟಿನಲ್ಲಿಯೇ ಇಡಲಿ.