ಏರಿದ ಏಣಿ, ಇಳಿದ ಏಣಿ

ಆಫ್ರಿಕದ ಪಶ್ಚಿಮ ತೀರದ ಸೆನೆಗಾಲ್ ನಮ್ಮ ಪತ್ರಿಕೆಗಳಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ದೇಶ. ಆದರೂ ಪ್ರಜಾಪ್ರಭುತ್ವದ ಬಲಾಬಲಗಳನ್ನು ಅರಿಯಬಯಸುವ ವಾಚಕರಿಗೆ ಅಲ್ಲಿನ ಅಬ್ದುಲಾಯೆ ವಾಡ್ ಅವರ ಜೀವನ ಬಹು ಬೋಧಪ್ರದವಾದುದು.

1926ರಲ್ಲಿ ಜನಿಸಿದ ವಾಡ್ ವಕೀಲರು, ಪ್ರಾಧ್ಯಾಪಕರು. ಕವಿಯೂ ರಾಷ್ಟ್ರಾಧ್ಯಕ್ಷರೂ ಆಗಿದ್ದ ಸೆಂಗೋರ್ ಅವರ ಕಾಲದಲ್ಲಿ, 1974ರಲ್ಲಿ, ಅವರು ಸೆನೆಗಾಲ್ ಡೆಮಾಕ್ರಟಿಕ್ ಪಕ್ಷವನ್ನು ಸ್ಥಾಪಿಸಿದರು. 1978ರಲ್ಲಿ ಸೆಂಗೋರ್ ಅವರಿಗೆ ಸೋತರು. 1983, 1988, 1993ರಲ್ಲಿ ಅಬ್ದು ದಿಯೂಫ್ ಅವರಿಗೆ ಸೋತರು. 1988ರ ಚುನಾವಣೆಯ ಬಳಿಕ ಗಲಭೆಗಳೆದ್ದಾಗ ಬಂಧನಕ್ಕೊಳಗಾದರು. ಮುಂದೆ ಅದೇ ದಿಯೂಫರ ಸರ್ಕಾರದಲ್ಲಿ ಎರಡು ಬಾರಿ ಮಂತ್ರಿಯಾದರು, ಎರಡು ಬಾರಿಯೂ ಹೊರಬಂದರು. 'ಸೋಪಿ' ಎಂಬುದು ಅವರ ಘೋಷಣೆ. ವೊಲೋಫ್ ಭಾಷೆಯಲ್ಲಿ ಇದರ ಅರ್ಥ 'ಬದಲಾವಣೆ'. ಕೆಲಸವಿಲ್ಲದ ನಗರದ ತರುಣರಿಗೆ ಆ ಒಂದು ಪದವೇ ಮಂತ್ರವಾಯಿತು.

2000ದ ಮಾರ್ಚ್ 19ರಂದು, ಎರಡನೆಯ ಸುತ್ತಿನಲ್ಲಿ, ಶೇಕಡ 58ಕ್ಕೂ ಹೆಚ್ಚು ಮತ ಪಡೆದು ವಾಡ್ ಗೆದ್ದರು. ಆಗ ಅವರ ವಯಸ್ಸು ಎಪ್ಪತ್ತಮೂರು. ನಲವತ್ತು ವರ್ಷ ಆಳಿದ ಸಮಾಜವಾದಿ ಪಕ್ಷ ಕೆಳಗಿಳಿಯಿತು. ದಿಯೂಫ್ ತಾವಾಗಿಯೇ ದೂರವಾಣಿಯಲ್ಲಿ ಎದುರಾಳಿಯನ್ನು ಅಭಿನಂದಿಸಿದರು. ಒಂದು ಗುಂಡೂ ಹಾರದೆ ಅಧಿಕಾರ ಕೈಬದಲಾಯಿಸಿತು.

ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! 2001ರ ನೂತನ ಸಂವಿಧಾನ ಅಧ್ಯಕ್ಷರಿಗೆ ಎರಡೇ ಅವಧಿಗಳ ಮಿತಿ ವಿಧಿಸಿತು. ವಾಡ್ 2007ರಲ್ಲಿ ಮತ್ತೆ ಗೆದ್ದರು. ರಸ್ತೆಗಳಾದವು, 2010ರಲ್ಲಿ ಚುನಾವಣಾ ಪಟ್ಟಿಗಳಲ್ಲಿ ಸ್ತ್ರೀಯರಿಗೆ ಸಮಪಾಲು ನೀಡುವ ಶಾಸನವಾಯಿತು. ಅದೇ ವರ್ಷ ಡಾಕಾರಿನ ಗುಡ್ಡದ ಮೇಲೆ ಸುಮಾರು 49 ಮೀಟರ್ ಎತ್ತರದ ಕಂಚಿನ ಸ್ಮಾರಕವೂ ಉದ್ಘಾಟನೆಗೊಂಡಿತು. ಪುತ್ರ ಕರೀಂ ಮಂತ್ರಿಯಾಗಿ ಹಲವು ಖಾತೆಗಳನ್ನು ಹೊತ್ತರು. ಶೇಕಡ 25 ಮತಗಳಿಗೇ ಅಧ್ಯಕ್ಷಪದವಿ ದೊರೆಯಬಹುದಾದ ಮಸೂದೆಯನ್ನು 2011ರ ಜೂನ್‌ನಲ್ಲಿ ವಾಡ್ ತಂದಾಗ ಜನ ಬೀದಿಗಿಳಿದರು, ಮಸೂದೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಆದರೂ ಅವರು ಮೂರನೆಯ ಅವಧಿಗೆ ನಿಂತರು. ಮೊದಲ ಆಯ್ಕೆ ಹೊಸ ಸಂವಿಧಾನಕ್ಕೆ ಮುಂಚಿನದು, ಆದ್ದರಿಂದ ಲೆಕ್ಕಕ್ಕಿಲ್ಲ ಎಂಬುದು ಅವರ ವಾದ; ಸಂವಿಧಾನ ಮಂಡಲಿಯೂ ಅದನ್ನು ಒಪ್ಪಿತು. ಪ್ರತಿಭಟನೆಗಳಲ್ಲಿ ಜೀವಗಳು ಹೋದವು. ಒಂದು ಕಾಲಕ್ಕೆ 'ಸೋಪಿ' ಎಂದು ಕೂಗಿದ ಬೀದಿಗಳೇ ಈಗ ಅವರನ್ನು 'ಸಾಕು' ಎಂದವು. 2012ರ ಮಾರ್ಚ್ 25ರಂದು, ಹಿಂದೆ ಅವರದೇ ಪ್ರಧಾನಮಂತ್ರಿಯಾಗಿದ್ದ ಮಾಕಿ ಸಾಲ್ ಶೇಕಡ 65ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಂದು ರಾತ್ರಿ ದೂರವಾಣಿಯನ್ನೆತ್ತಿಕೊಂಡು ಅಭಿನಂದಿಸುವ ಸರದಿ ವಾಡ್ ಅವರದಾಯಿತು. ಅವರು ಹಿಂಜರಿಯಲಿಲ್ಲ.

ಇಪ್ಪತ್ತಾರು ವರ್ಷ ಬಾಗಿಲು ತಟ್ಟಿದವರಿಗೂ ಒಳಹೊಕ್ಕ ಮೇಲೆ ಹೊರಗಿನವರ ದನಿ ಕೇಳಿಸದೆ ಹೋಗುತ್ತದೆ; ಇದು ವಾಡ್ ಒಬ್ಬರ ದೋಷವಲ್ಲ, ಪೀಠದ ಗುಣ. 2024ರಲ್ಲಿ ಚುನಾವಣೆಯನ್ನು ಮುಂದೂಡಲು ಯತ್ನಿಸಿದ ಮಾಕಿ ಸಾಲರನ್ನೂ ಸಂವಿಧಾನ ಮಂಡಲಿ ತಡೆಯಿತು. ನಾಯಕರು ದಾರಿ ಮರೆತಾಗಲೆಲ್ಲ ಅದನ್ನು ನೆನಪಿಸಿದವರು ಸೆನೆಗಾಲಿನ ಮತದಾರರು. ಆ ದೇಶದ ನಿಜವಾದ ಸಂಪತ್ತು ಅವರೇ.