ನೀರು ಕುಡಿಯಿರಿ ಎನ್ನುವ ಮುನ್ನ

ರಾಯಚೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನಾನು ಶುಶ್ರೂಷಕಿ. ಯುಗಾದಿ ಕಳೆದು ಬಿಸಿಲು ಏರಿತೆಂದರೆ ನಮ್ಮಲ್ಲಿ ಕಿಡ್ನಿ ಕಲ್ಲಿನ ರೋಗಿಗಳು ಹೆಚ್ಚುತ್ತಾರೆ. ಗಾರೆ ಕೆಲಸದವರು, ಲಾರಿ ಡ್ರೈವರ್‌ಗಳು, ಬಂದೋಬಸ್ತ್‌ಗೆ ನಿಂತ ಪೊಲೀಸರು, ಬಟ್ಟೆ ಅಂಗಡಿಯ ಹುಡುಗಿಯರು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ಆ ನೋವಿಗೆ ಕೂತರೂ ಸಮಾಧಾನವಿಲ್ಲ, ಮಲಗಿದರೂ ಇಲ್ಲ. ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗ್‌ಗೆ ಬರೆದು, ಕಳುಹಿಸುವಾಗ ಎಲ್ಲರಿಗೂ ಹೇಳುವ ಮಾತು ಒಂದೇ: ನೀರು ಚೆನ್ನಾಗಿ ಕುಡಿಯಿರಿ.

ಬಟ್ಟೆ ಅಂಗಡಿಯಲ್ಲಿ ದುಡಿಯುವ ಒಬ್ಬ ಹುಡುಗಿ ನನ್ನನ್ನೇ ಕೇಳಿದಳು: "ಕುಡಿಬೇಕಂತ ಗೊತ್ತದರೀ ಸಿಸ್ಟರ್. ಕುಡದು ಹೋಗೂದೆಲ್ಲಿ?" ಅಂಗಡಿಯಲ್ಲಿ ಶೌಚಾಲಯವಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು ಹೊರಟರೆ ರಾತ್ರಿ ಅಂಗಡಿ ಮುಚ್ಚುವ ತನಕ ಬಾಯಿ ಒದ್ದೆ ಮಾಡಿಕೊಳ್ಳುವಷ್ಟೇ ನೀರು. ಬೀಡಿ, ಸಿಗರೇಟು, ಸಕ್ಕರೆ, ಬಿಪಿ ಎಲ್ಲವನ್ನೂ ವಿಚಾರಿಸುವ ನಾವು, ಕೆಲಸದ ಜಾಗದಲ್ಲಿ ಮೂತ್ರಕ್ಕೆ ಎಲ್ಲಿ ಹೋಗುತ್ತೀರಿ ಎಂದು ಕೇಳುವುದೇ ಇಲ್ಲ. ಕೇಳಲೇಬೇಕು.

ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಎಲ್ಲರ ಮೂತ್ರದಲ್ಲೂ ಇರುತ್ತವೆ. ನೀರು ಸಾಕಷ್ಟಿದ್ದರೆ ಕರಗಿ ಹೊರಹೋಗುತ್ತವೆ. ಮೈಯ ನೀರೆಲ್ಲ ಬೆವರಾಗಿ ಬಸಿದುಹೋದರೆ ಉಳಿದ ಮೂತ್ರದಲ್ಲಿ ಇವು ಹರಳುಗಟ್ಟಿ, ಹರಳಿಗೆ ಹರಳು ಅಂಟಿ ಕಲ್ಲು ಬೆಳೆಯುತ್ತದೆ. ಇಟಲಿಯ ಪಾರ್ಮಾದ ವೈದ್ಯರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯ. ಮೊದಲ ಸಲ ಕಲ್ಲಾದ 199 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ 2 ಲೀಟರಿಗಿಂತ ಹೆಚ್ಚು ಮೂತ್ರ ಬರುವಷ್ಟು ನೀರು ಕುಡಿಯಲು ಹೇಳಿದರು. 5 ವರ್ಷಗಳಲ್ಲಿ ಆ ಗುಂಪಿನ ಶೇ 12ರಷ್ಟು ಮಂದಿಗೆ ಮತ್ತೆ ಕಲ್ಲಾಯಿತು; ಉಳಿದವರಲ್ಲಿ ಶೇ 27. ಇಷ್ಟು ಅಗ್ಗದ ಮದ್ದು ಬೇರೆ ಇಲ್ಲ. (ಹೃದಯ ಸೋತವರು, ಕಿಡ್ನಿ ವೈಫಲ್ಯ ಇರುವವರು ಮಾತ್ರ ಎಷ್ಟು ಕುಡಿಯಬೇಕೆಂದು ವೈದ್ಯರನ್ನು ಕೇಳಿಯೇ ಕುಡಿಯಬೇಕು.)

ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದು ಬಂದವರನ್ನು ನಾನು ಗದರುವುದಿಲ್ಲ. 5 ಮಿಲಿಮೀಟರಿಗಿಂತ ಸಣ್ಣ ಕಲ್ಲು ಹೆಚ್ಚಾಗಿ ತಾನಾಗಿಯೇ ಬೀಳುತ್ತದೆ. ನನ್ನ ಭಯವಿರುವುದು ನೋವು ನಿಂತಿತೆಂದು ಮನೆಯಲ್ಲೇ ಉಳಿಯುವವರ ಬಗ್ಗೆ. ನೋವು ನಿಂತರೂ ಕಲ್ಲು ನಾಳದಲ್ಲೇ ಸಿಕ್ಕಿಕೊಂಡಿರಬಹುದು. ಹಿಂದೆ ಮೂತ್ರ ನಿಂತು ಕಿಡ್ನಿ ಊದಿ, ಸದ್ದಿಲ್ಲದೆ ಹಾಳಾಗುತ್ತದೆ. ನೋವಿನ ಜೊತೆ ಚಳಿಜ್ವರ ಬಂದರಂತೂ ಬೆಳಗಾಗಲಿ ಎಂದು ಕಾಯಬಾರದು. ಕಟ್ಟಿಕೊಂಡ ಮೂತ್ರದಲ್ಲಿ ಸೋಂಕಾದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಬರುತ್ತದೆ.

ಹಾಲು, ಮೊಸರು ಬಿಡುವವರೂ ಇದ್ದಾರೆ. ಬಿಡಬೇಡಿ. ಊಟದ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು.

ಆದರೆ ಈ ತಿಳಿವಳಿಕೆಯೆಲ್ಲ ಆ ಹುಡುಗಿಯ ಪ್ರಶ್ನೆಗೆ ಉತ್ತರವಲ್ಲ. ಕೇರಳದ ಕೋಯಿಕ್ಕೋಡ್‌ನ ಮಿಠಾಯಿ ತೆರುವಿನ ಅಂಗಡಿಗಳ ಹೆಣ್ಣುಮಕ್ಕಳೂ ಹೀಗೆಯೇ ನೀರು ಬಿಟ್ಟು ದುಡಿಯುತ್ತಿದ್ದರು. ಹೊಲಿಗೆ ಕೆಲಸದ ಪಿ. ವಿಜಿ ಈ ಹೆಣ್ಣುಮಕ್ಕಳನ್ನು ಒಗ್ಗೂಡಿಸಿದರು. ಶೌಚಾಲಯ ಕೇಳಿ ಶುರುವಾದ ಆ ಹೋರಾಟ ಮುಂದೆ ಕೆಲಸದ ನಡುವೆ ಕೂರುವ ಹಕ್ಕನ್ನೂ ಕೇಳಿತು. 2018ರಲ್ಲಿ ಕೇರಳ ಕಾನೂನನ್ನೇ ತಿದ್ದಿತು. 2019ರಲ್ಲಿ ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಸಲೆಂದೇ ಗಂಟೆ ಬಾರಿಸತೊಡಗಿದಾಗ ನಮ್ಮ ರಾಜ್ಯವೂ ಅದನ್ನು ಮೆಚ್ಚಿ ಅನುಸರಿಸಲು ಹೊರಟಿತು. ಅಂಗಡಿಯ ವಿಷಯದಲ್ಲೂ ಅನುಸರಿಸಬಾರದೇಕೆ?

ನಮ್ಮ ನಗರಸಭೆ, ಪುರಸಭೆಗಳು ಉದ್ದಿಮೆ ಪರವಾನಗಿ ನವೀಕರಿಸುವ ಮುನ್ನ ಕೆಲಸದವರಿಗೆ ಕುಡಿಯುವ ನೀರು, ಶೌಚಾಲಯ ಇದೆಯೇ ಎಂದು ಸ್ಥಳಕ್ಕೇ ಹೋಗಿ ನೋಡಲಿ. ಜಾಗವಿಲ್ಲದ ಸಣ್ಣ ಅಂಗಡಿಗಳಿದ್ದರೆ ಬಜಾರಿನ ಬೀದಿಗೊಂದು ಶೌಚಾಲಯ ಕಟ್ಟಿ, ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಂದ ಕಾಸು ಕೇಳದಿರಲಿ. ನೋಡಲು ಬಂದ ಅಧಿಕಾರಿ ಮಾಲೀಕರ ಮಾತು ಕೇಳಿ ಹಿಂದಿರುಗಬಾರದು. ಬಾಗಿಲು ತೆಗೆಸಿ, ನಲ್ಲಿ ತಿರುಗಿಸಿ, ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೆಲಸದ ಹುಡುಗಿಯರನ್ನೇ ಕೇಳಬೇಕು.